ಕಾಲೇಜಿನಲ್ಲಿ ಮಾಡಿದ ಸಂಶೋಧನೆಯನ್ನು ರೆಸ್ಯೂಮೆಯಲ್ಲಿ ಬರೆಯುವುದು ಹೇಗೆ?

"ಫೈನಲ್ ಇಯರ್ ಪ್ರಾಜೆಕ್ಟನ್ನು ಸಂಶೋಧನೆ ಅಂತ ಹಾಕಬಹುದಾ?" "ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಲ್ಯಾಬ್‌ನಲ್ಲಿದ್ದೆ, ಪೇಪರ್ ಏನೂ ಬರಲಿಲ್ಲ, ಬರೆದರೆ ನಡೆಯುತ್ತಾ?" "ನಾಲ್ಕು ಜನ ಸೇರಿ ಮಾಡಿದ ಕೆಲಸ, ಅದನ್ನು ನನ್ನದು ಅಂತ ಹೇಗೆ ಹೇಳಲಿ?"

ಪ್ಲೇಸ್‌ಮೆಂಟ್ ಶುರುವಾದಾಗ, ಎಂಎಸ್ ಮತ್ತು ಪಿಎಚ್‌ಡಿ ಅರ್ಜಿಗಳ ಸಮಯ ಬಂದಾಗ, ವಿದ್ಯಾರ್ಥಿಗಳಿಂದ ಮತ್ತೆ ಮತ್ತೆ ಇವೇ ಪ್ರಶ್ನೆಗಳು ಬರುತ್ತವೆ. ಮೊದಲ ಎರಡಕ್ಕೂ ಉತ್ತರ ಹೌದು. ಮೂರನೆಯದಕ್ಕೆ ಸ್ವಲ್ಪ ಕೂತು ಯೋಚಿಸಿ ಬರೆಯಬೇಕು. ಈ ಲೇಖನದ ದೊಡ್ಡ ಪಾಲು ಅದಕ್ಕೇ ಮೀಸಲು.

ನಮ್ಮ ಹುಡುಗ ಹುಡುಗಿಯರ ರೆಸ್ಯೂಮೆಗಳಲ್ಲಿ ಎರಡು ತರಹದ ತೊಂದರೆ ಕಾಣುತ್ತದೆ. ಕೆಲವರು ತಿಂಗಳುಗಟ್ಟಲೆ ಬಿಸಿಲಲ್ಲಿ ಓಡಾಡಿ ಮಾದರಿ ತಂದು, ರಾತ್ರಿ ಕೂತು ಲೆಕ್ಕ ಮಾಡಿ, ಕೊನೆಗೆ "ನೀರಿನ ಗುಣಮಟ್ಟದ ಮೇಲೆ ಪ್ರಾಜೆಕ್ಟ್" ಅಂತ ಒಂದೇ ಸಾಲು ಬರೆದು ಬಿಡುತ್ತಾರೆ. ಇನ್ನು ಕೆಲವರು ಎರಡು ದಿನದ ವರ್ಕ್‌ಶಾಪ್‌ಗೆ ಹೋಗಿ ಬಂದು "ಐಐಟಿಯಲ್ಲಿ ಸಂಶೋಧನೆ" ಅಂತ ಬರೆಯುತ್ತಾರೆ. ಎರಡರಿಂದಲೂ ನಷ್ಟ ನಿಮಗೇ. ಓದುವವರು ಹುಡುಕುವುದು ಒಂದೇ ವಿಷಯ: ಇದರಲ್ಲಿ ಈ ಹುಡುಗಿ, ಈ ಹುಡುಗ ತಾನೇ ಏನು ಮಾಡಿದ್ದು? ಆ ಪ್ರಶ್ನೆಗೆ ನೇರ ಉತ್ತರ ಕೊಡುವ ಸಾಲು ಒಳ್ಳೆಯ ಸಾಲು.

ಕೂರುವ ಮೊದಲು ಇಷ್ಟು ಹತ್ತಿರ ಇಟ್ಟುಕೊಳ್ಳಿ

ಪ್ರಾಜೆಕ್ಟ್ ರಿಪೋರ್ಟ್, ಮೊದಲು ಸಲ್ಲಿಸಿದ ಸಿನಾಪ್ಸಿಸ್, ಲ್ಯಾಬ್ ನೋಟ್‌ಬುಕ್, ಡೇಟಾ ಇರುವ ಎಕ್ಸೆಲ್ ಶೀಟ್ ಅಥವಾ ಕೋಡ್, ಸರ್ಟಿಫಿಕೇಟ್. ಶುರುವಾದ ಮತ್ತು ಮುಗಿದ ತಿಂಗಳು ಸರಿಯಾಗಿ ಗೊತ್ತಿರಲಿ. ನೆನಪಿನಿಂದ ಬರೆಯಬೇಡಿ. "ಸುಮಾರು ನೂರು ಮಾದರಿ" ಅಂತ ನೆನಪಿರುತ್ತದೆ, ನೋಟ್‌ಬುಕ್‌ನಲ್ಲಿ 64 ಇರುತ್ತದೆ.

1. ಯಾವುದನ್ನು ಸಂಶೋಧನೆ ಅಂತ ಕರೆಯಬಹುದು?

ಉತ್ತರ ಮೊದಲೇ ಗೊತ್ತಿಲ್ಲದ ಒಂದು ಪ್ರಶ್ನೆ ಇತ್ತಾ? ಅದಕ್ಕೆ ಉತ್ತರ ಹುಡುಕಲು ನೀವು ಒಂದು ಕ್ರಮ ಹಿಡಿದು ಡೇಟಾ ತಂದಿರಾ, ಅಥವಾ ಇದ್ದ ಡೇಟಾವನ್ನು ಹೊಸದಾಗಿ ನೋಡಿದಿರಾ? ಎರಡಕ್ಕೂ ಹೌದು ಅಂದರೆ ಅದು ಸಂಶೋಧನೆ. ಪೇಪರ್ ಬರಲೇಬೇಕು ಅನ್ನುವ ನಿಯಮ ಎಲ್ಲೂ ಇಲ್ಲ.

ಹೀಗೆ ನೋಡಿದರೆ ಬಹಳಷ್ಟು ಕೆಲಸ ಇದರಲ್ಲಿ ಬರುತ್ತದೆ. ಇಂಜಿನಿಯರಿಂಗ್‌ನ ಫೈನಲ್ ಇಯರ್ ಪ್ರಾಜೆಕ್ಟ್, ಎಂಎಸ್‌ಸಿ ಡಿಸರ್ಟೇಶನ್, ಎಂಎ ವಿದ್ಯಾರ್ಥಿಗಳ ಕ್ಷೇತ್ರಕಾರ್ಯ ಎಲ್ಲವೂ ಬರುತ್ತವೆ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಕೊಡುವ ಸಮ್ಮರ್ ರಿಸರ್ಚ್ ಫೆಲೋಶಿಪ್, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಬೇಸಿಗೆ ಫೆಲೋಶಿಪ್, ಎಂಬಿಬಿಎಸ್ ಮತ್ತು ಬಿಡಿಎಸ್ ವಿದ್ಯಾರ್ಥಿಗಳಿಗೆ ಐಸಿಎಂಆರ್ ಕೊಡುವ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್ ಇವಂತೂ ಬಂದೇ ಬರುತ್ತವೆ. ನಿಮ್ಮ ಪ್ರಾಜೆಕ್ಟಿಗೆ ಕೆಎಸ್‌ಸಿಎಸ್‌ಟಿ, ಅಂದರೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಸ್ಟೂಡೆಂಟ್ ಪ್ರಾಜೆಕ್ಟ್ ಪ್ರೋಗ್ರಾಂನಲ್ಲಿ ಹಣ ಸಿಕ್ಕಿದ್ದರೆ ಅದನ್ನು ಖಂಡಿತ ಬರೆಯಿರಿ. ಹೊರಗಿನ ಪರಿಣತರು ನಿಮ್ಮ ಪ್ರಸ್ತಾವ ನೋಡಿ ಆರಿಸಿದ್ದಾರೆ ಅಂತ ಅದರಿಂದ ಗೊತ್ತಾಗುತ್ತದೆ. ಎಷ್ಟೋ ಮಂದಿ ಇದನ್ನು ಬರೆಯುವುದೇ ಇಲ್ಲ.

ಬಿಎಸ್‌ಸಿ ಅಗ್ರಿ ಓದಿದವರು ಹಳ್ಳಿಯಲ್ಲಿದ್ದು ಮಾಡುವ ರಾವೆ ಕಾರ್ಯಕ್ರಮ ಅಷ್ಟಕ್ಕೇ ಸಂಶೋಧನೆ ಆಗುವುದಿಲ್ಲ, ಅದು ಗ್ರಾಮೀಣ ಕೆಲಸದ ಅನುಭವ. ಆದರೆ ಅಲ್ಲಿದ್ದಾಗ ರೈತರ ಮನೆಗಳಲ್ಲಿ ಒಂದು ಸರ್ವೆ ಮಾಡಿ, ಅದರ ಲೆಕ್ಕ ಹಾಕಿ ವರದಿ ಬರೆದಿದ್ದರೆ ಆ ಭಾಗವನ್ನು ಸಂಶೋಧನೆ ಅಂತ ಹಾಕಬಹುದು.

ಇನ್ನೊಂದು ಮಾತು ನೇರವಾಗಿಯೇ ಹೇಳಬೇಕು. ದುಡ್ಡು ಕೊಟ್ಟು ತಂದ ರೆಡಿಮೇಡ್ ಪ್ರಾಜೆಕ್ಟನ್ನು ಸಂಶೋಧನೆ ಅಂತ ಬರೆಯಬೇಡಿ. ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ, ಆಮೇಲೆ ರೆಸ್ಯೂಮೆಯ ಉಳಿದ ಸಾಲುಗಳನ್ನೂ ಯಾರೂ ನಂಬುವುದಿಲ್ಲ. ಹಾಗೆ ಆಗಿಹೋಗಿದ್ದರೆ ದಾರಿ ಇದೆ. ಅದೇ ಪ್ರಾಜೆಕ್ಟಿನ ಒಂದು ಸಣ್ಣ ಭಾಗವನ್ನು ಈಗ ಸ್ವತಃ ಮಾಡಿ. ಒಂದು ಸೆನ್ಸರ್ ಸರಿಯಾಗಿ ಅಳೆಯುತ್ತಿದೆಯಾ ಅಂತ ಪರೀಕ್ಷಿಸಿ, ಅಥವಾ ಒಂದು ಮಾಡೆಲ್ ಅನ್ನು ಬೇರೆ ಡೇಟಾದ ಮೇಲೆ ಓಡಿಸಿ ನೋಡಿ. ಆ ಎರಡು ವಾರದ ಕೆಲಸವನ್ನು ಬರೆಯಿರಿ. ಅದು ನಿಮ್ಮದೇ.

2. ಯಾರು ಓದುತ್ತಾರೆ ಅಂತ ಮೊದಲು ಗೊತ್ತಿರಲಿ

ರೆಸ್ಯೂಮೆ ಮತ್ತು ಸಿವಿ ಒಂದೇ ಅಂತ ನಮ್ಮಲ್ಲಿ ಬಳಸುತ್ತೇವೆ. ಅರ್ಜಿ ಹಾಕುವಾಗ ವ್ಯತ್ಯಾಸ ಇದೆ. ಕಂಪನಿಗೆ ಕೊಡುವ ರೆಸ್ಯೂಮೆ ಒಂದು ಪುಟ. ಸಂಶೋಧನಾ ಸಂಸ್ಥೆಗೆ ಅಥವಾ ಹೊರದೇಶದ ವಿಶ್ವವಿದ್ಯಾಲಯಕ್ಕೆ ಕೊಡುವ ಸಿವಿ ಎರಡು ಪುಟ ಆದರೂ ಪರವಾಗಿಲ್ಲ.

ಪಿಎಚ್‌ಡಿ ಅಥವಾ ಎಂಎಸ್‌ಗೆ ಹೋಗುವವರು ಓದಿನ ವಿವರದ ಕೆಳಗೇ 'ಸಂಶೋಧನಾ ಅನುಭವ' ಅಂತ ಬೇರೆ ತಲೆಬರಹ ಮಾಡಿ. ಅಲ್ಲಿ ಓದುವವರು ಪ್ರೊಫೆಸರ್‌ಗಳು. ಪ್ರಶ್ನೆ ಏನಿತ್ತು, ಯಾವ ವಿಧಾನ, ಏನು ಕಂಡಿತು ಅಂತ ನೋಡುತ್ತಾರೆ. ಕಂಪನಿಯವರು ನೋಡುವುದು ಬೇರೆ: ಈ ಕೆಲಸ ಮಾಡುವಾಗ ಕಲಿತದ್ದು ನಮ್ಮಲ್ಲಿ ಉಪಯೋಗಕ್ಕೆ ಬರುತ್ತಾ? ಅವರಿಗೆ 'ಪ್ರಾಜೆಕ್ಟ್ಸ್' ಅಂತಲೇ ತಲೆಬರಹ ಇರಲಿ, ಡೇಟಾ, ಟೂಲ್, ಫಲಿತಾಂಶ ಮುಂದಿರಲಿ. ಕೆಲಸ ಅದೇ, ಸಾಲುಗಳ ಕ್ರಮ ಬೇರೆ. ಅಂದರೆ ನಿಮ್ಮ ಬಳಿ ಎರಡು ಪ್ರತಿ ಇರಬೇಕು.

ಜಾಗ ಸಾಲುವುದಿಲ್ಲ ಅನ್ನುವವರು ಬಯೋಡೇಟಾ ಕಾಲದಿಂದ ಬಂದಿರುವುದನ್ನು ತೆಗೆಯಿರಿ. ತಂದೆಯ ಹೆಸರು, ಧರ್ಮ, ಮದುವೆ ಆಗಿದೆಯೋ ಇಲ್ಲವೋ, ಕೊನೆಯಲ್ಲಿ "ಮೇಲಿನ ಎಲ್ಲ ಮಾಹಿತಿ ಸತ್ಯ ಎಂದು ಘೋಷಿಸುತ್ತೇನೆ" ಅನ್ನುವ ಸಾಲು, ಸಹಿ, ಸ್ಥಳ, ದಿನಾಂಕ. ಕಂಪನಿಗಾಗಲಿ ವಿದೇಶಕ್ಕಾಗಲಿ ಇದು ಬೇಡ. ಸರ್ಕಾರಿ ಅರ್ಜಿಯ ನಮೂನೆ ಕೇಳಿದರೆ ಮಾತ್ರ ಕೊಡಿ. ಇದನ್ನು ತೆಗೆದರೆ ನಿಮ್ಮ ಸಂಶೋಧನೆಗೆ ಆರೇಳು ಸಾಲು ಸಿಗುತ್ತದೆ.

3. ತಲೆಸಾಲು ಬರೆಯಿರಿ

ಪ್ರತಿ ಅನುಭವಕ್ಕೂ ಮೊದಲ ಸಾಲಿನಲ್ಲಿ ನಾಲ್ಕು ವಿಷಯ: ನಿಮ್ಮ ಪಾತ್ರ, ಎಲ್ಲಿ, ಯಾರ ಮಾರ್ಗದರ್ಶನದಲ್ಲಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ. ಕೆಳಗೆ ಪ್ರಾಜೆಕ್ಟಿನ ಹೆಸರು. "ಪ್ರಾಜೆಕ್ಟ್ ವರ್ಕ್ ಫೇಸ್ 2" ಅಂತ ವಿಟಿಯು ಸಿಲೆಬಸ್‌ನಲ್ಲಿರುವ ಹೆಸರನ್ನೋ ಸಬ್ಜೆಕ್ಟ್ ಕೋಡನ್ನೋ ಹಾಕಬೇಡಿ. ಹೊರಗಿನವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ರಿಪೋರ್ಟಿನ ಮೇಲಿರುವ ಮೂರು ಸಾಲಿನ ಟೈಟಲ್ ಕೂಡ ಹಾಗೇ ಇಳಿಸಬೇಡಿ. ಹತ್ತು ಹನ್ನೆರಡು ಪದಕ್ಕೆ ಇಳಿಸಿ.

ಇಲ್ಲಿ ತಪ್ಪು ಜಾಸ್ತಿ ಆಗುವುದು ಪಾತ್ರದ ಹೆಸರಿನಲ್ಲಿ. 'ಜೂನಿಯರ್ ರಿಸರ್ಚ್ ಫೆಲೋ', 'ರಿಸರ್ಚ್ ಅಸೋಸಿಯೇಟ್' ಅನ್ನುವುದು ನಮ್ಮ ದೇಶದಲ್ಲಿ ನಿಗದಿತ ಅರ್ಹತೆ ಇರುವ ಹುದ್ದೆಗಳು. ಜೆಆರ್‌ಎಫ್ ಅಂದರೆ ನೆಟ್ ಅಥವಾ ಗೇಟ್ ತರಹದ ಪರೀಕ್ಷೆ ದಾಟಿದವರು, ರಿಸರ್ಚ್ ಅಸೋಸಿಯೇಟ್ ಅಂದರೆ ಸಾಮಾನ್ಯವಾಗಿ ಪಿಎಚ್‌ಡಿ ಆದವರು. ಬಿಇ ವಿದ್ಯಾರ್ಥಿ ಈ ಹೆಸರು ಹಾಕಿದರೆ ಓದುವ ಪ್ರೊಫೆಸರ್‌ಗೆ ತಕ್ಷಣ ಅನುಮಾನ ಬರುತ್ತದೆ. 'ಸಮ್ಮರ್ ಇಂಟರ್ನ್', 'ಪ್ರಾಜೆಕ್ಟ್ ಟ್ರೈನಿ', 'ಸ್ಟೂಡೆಂಟ್ ರಿಸರ್ಚರ್' ಸಾಕು. ಸರ್ಟಿಫಿಕೇಟ್‌ನಲ್ಲಿ ಏನಿದೆಯೋ ಅದನ್ನೇ ಬರೆದರೆ ಇನ್ನೂ ಒಳ್ಳೆಯದು.

ಹಣ ಕೊಟ್ಟವರು ಬೇರೆ, ಲ್ಯಾಬ್ ಬೇರೆ ಇರಬಹುದು. ಅಕಾಡೆಮಿಯ ಫೆಲೋಶಿಪ್ ಪಡೆದು ನೀವು ಪುಣೆಯ ಲ್ಯಾಬ್‌ನಲ್ಲಿ ಕೆಲಸ ಮಾಡಿರುತ್ತೀರಿ. ಆಗ ಲ್ಯಾಬಿನ ಹೆಸರು ತಲೆಸಾಲಿನಲ್ಲಿ, ಫೆಲೋಶಿಪ್‌ನ ಹೆಸರು ಅದರ ಪಕ್ಕ. ಎರಡೂ ಇರಲಿ.

4. ಕೆಲಸದ ಸಾಲುಗಳು: ಇಲ್ಲಿ ಸಮಯ ಕೊಡಿ

ಒಂದು ಉದಾಹರಣೆ ಹಿಡಿದುಕೊಳ್ಳೋಣ. ಪಾವಗಡ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅನ್ನುವುದು ನಿಮಗೆ ಗೊತ್ತಿರಬಹುದು. ನಾಲ್ಕು ಜನ ಸಿವಿಲ್ ವಿದ್ಯಾರ್ಥಿಗಳು ಅದರ ಮೇಲೆ ಪ್ರಾಜೆಕ್ಟ್ ಮಾಡಿದ್ದಾರೆ ಅಂದುಕೊಳ್ಳಿ. ಸಾಮಾನ್ಯವಾಗಿ ಅವರ ರೆಸ್ಯೂಮೆಯಲ್ಲಿ ಹೀಗಿರುತ್ತದೆ:

"ಅಂತರ್ಜಲದ ಗುಣಮಟ್ಟದ ಬಗ್ಗೆ ಪ್ರಾಜೆಕ್ಟ್ ಮಾಡಿದೆವು. ವಿವಿಧ ಪರೀಕ್ಷೆಗಳನ್ನು ನಡೆಸಿ ಉತ್ತಮ ಫಲಿತಾಂಶ ಪಡೆದೆವು."

ಇದರಲ್ಲಿ ತಪ್ಪು ಏನೂ ಇಲ್ಲ, ವಿಷಯವೂ ಏನೂ ಇಲ್ಲ. ನಾಲ್ವರ ರೆಸ್ಯೂಮೆಯಲ್ಲೂ ಇದೇ ಸಾಲು ಇರುತ್ತದೆ. ಈಗ ನಾಲ್ವರಲ್ಲಿ ಒಬ್ಬಳು ತನ್ನ ಭಾಗವನ್ನು ಬರೆದರೆ ಹೇಗಿರಬಹುದು ನೋಡಿ. ಅಂಕಿಗಳು ಮಾದರಿಗಾಗಿ ಮಾತ್ರ, ನೀವು ಇಂಗ್ಲಿಷಿನಲ್ಲಿ ನಿಮ್ಮದನ್ನು ಬರೆದುಕೊಳ್ಳಿ:

• ನಾಲ್ವರ ತಂಡದಲ್ಲಿದ್ದು 6 ಹಳ್ಳಿಗಳ 24 ಕೊಳವೆಬಾವಿಗಳಿಂದ ಮಳೆಗಾಲಕ್ಕೆ ಮುಂಚೆ ಮತ್ತು ನಂತರ ನೀರಿನ ಮಾದರಿ ಸಂಗ್ರಹ.
• 48 ಮಾದರಿಗಳಲ್ಲೂ ಫ್ಲೋರೈಡ್ ಅಳತೆಯ ಹೊಣೆ ನನ್ನದು. ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್ ಬಳಸಿ ಪ್ರತಿ ಮಾದರಿಯನ್ನು 3 ಸಲ ಅಳೆದು ಸರಾಸರಿ ತೆಗೆದೆ.
• ಕುಡಿಯುವ ನೀರಿನ ಮಾನದಂಡ ಐಎಸ್ 10500 ಹೇಳುವ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು 24ರಲ್ಲಿ 15 ಬಾವಿಗಳು ಮಳೆಗಾಲಕ್ಕೆ ಮುಂಚೆ ದಾಟಿದ್ದವು. ಕ್ಯೂಜಿಐಎಸ್‌ನಲ್ಲಿ ನಕ್ಷೆ ಮಾಡಿ ಗ್ರಾಮ ಪಂಚಾಯಿತಿಗೆ ವರದಿ ಕೊಟ್ಟೆವು.

ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್ ಅಂದರೆ ನೀರಿನಲ್ಲಿ ಅದ್ದಿದಾಗ ಒಂದು ನಿರ್ದಿಷ್ಟ ಅಯಾನು ಎಷ್ಟಿದೆ ಅಂತ ತೋರಿಸುವ ಸಾಧನ. ಕ್ಯೂಜಿಐಎಸ್ ಅಂದರೆ ನಕ್ಷೆ ಮಾಡುವ ಉಚಿತ ಸಾಫ್ಟ್‌ವೇರ್.

ಮೂರು ಸಾಲಿನಲ್ಲಿ ಏನೇನು ಬಂತು ನೋಡಿ. ತಂಡ ಮಾಡಿದ್ದು ಯಾವುದು, ಅವಳು ಮಾಡಿದ್ದು ಯಾವುದು ಅಂತ ಬೇರೆ ಬೇರೆ ಗೊತ್ತಾಗುತ್ತದೆ. ಯಾವ ಸಾಧನ ಬಳಸಲು ಬರುತ್ತದೆ ಅಂತ ಗೊತ್ತಾಗುತ್ತದೆ. ಒಂದೇ ಸಲ ಅಳೆದು ಬಿಡಲಿಲ್ಲ, ಮೂರು ಸಲ ಅಳೆದಳು ಅಂದರೆ ಕೆಲಸದ ಶಿಸ್ತು ಗೊತ್ತಾಗುತ್ತದೆ. ಸಿಕ್ಕಿದ ಅಂಕಿಯನ್ನು ಒಂದು ಮಾನದಂಡದ ಪಕ್ಕ ಇಟ್ಟಿದ್ದಾಳೆ, ಹಾಗಾಗಿ ಓದುವವರಿಗೆ ಅದರ ತೂಕ ತಿಳಿಯುತ್ತದೆ. 'ಉತ್ತಮ', 'ಯಶಸ್ವಿ', 'ಪರಿಣಾಮಕಾರಿ' ಅನ್ನುವ ಒಂದು ಪದವೂ ಇಲ್ಲ.

ನಿಮ್ಮ ಸಾಲು ಬರೆಯಲು ಹೀಗೆ ಶುರು ಮಾಡಿ. ಒಂದು ಹಾಳೆಯಲ್ಲಿ, ಕನ್ನಡದಲ್ಲೇ, ಆ ಪ್ರಾಜೆಕ್ಟಿನಲ್ಲಿ ನಿಮ್ಮ ಕೈಯಾರೆ ಮಾಡಿದ್ದನ್ನೆಲ್ಲ ಬರೆಯಿರಿ. ಮಾದರಿ ತಂದೆ, ಬಾಟಲಿಗೆ ಲೇಬಲ್ ಹಾಕಿದೆ, ಎಲೆಕ್ಟ್ರೋಡನ್ನು ಕ್ಯಾಲಿಬ್ರೇಟ್ ಮಾಡಿದೆ ಅಂದರೆ ಗೊತ್ತಿರುವ ದ್ರಾವಣ ಬಳಸಿ ಸರಿಹೊಂದಿಸಿದೆ, ಎಕ್ಸೆಲ್‌ನಲ್ಲಿ ತಪ್ಪು ಹುಡುಕಿದೆ, ಪಂಚಾಯಿತಿಯವರನ್ನು ಒಪ್ಪಿಸಿದೆ. ಎಲ್ಲವೂ ಬರಲಿ. ಆಮೇಲೆ ಅದರಲ್ಲಿ ಬೇರೆಯವರಿಗೆ ಬಾರದ, ನಿಮಗೆ ಕಲಿಯಲು ಸಮಯ ಹಿಡಿದ ಮೂರನ್ನು ಆರಿಸಿ. ಅವೇ ನಿಮ್ಮ ಸಾಲುಗಳು. ನೇರ ಇಂಗ್ಲಿಷಿಗೆ ಹಾರಿದರೆ ಎಲ್ಲರೂ ಬರೆಯುವ ಸವಕಲು ವಾಕ್ಯಗಳೇ ಬರುತ್ತವೆ. ಕನ್ನಡದಲ್ಲಿ ಬರೆದುಕೊಂಡಾಗ ನಿಜವಾಗಿ ಆದ ಕೆಲಸ ನೆನಪಾಗುತ್ತದೆ.

ಇಂಗ್ಲಿಷಿಗೆ ತರುವಾಗ ಸಾಲು ಕ್ರಿಯಾಪದದಿಂದ ಶುರುವಾಗಲಿ: ಮೆಷರ್ಡ್, ಬಿಲ್ಟ್, ಕಂಪೇರ್ಡ್, ಇಂಟರ್‌ವ್ಯೂಡ್, ಕೋಡೆಡ್, ಟ್ರಾನ್ಸ್‌ಕ್ರೈಬ್ಡ್. 'ವರ್ಕ್ಡ್ ಆನ್', 'ಇನ್ವಾಲ್ವ್ಡ್ ಇನ್', 'ಹೆಲ್ಪ್ಡ್' ಬಿಟ್ಟುಬಿಡಿ. ನೀವು ಏನು ಮಾಡಿದಿರಿ ಅನ್ನುವುದು ಇವುಗಳಿಂದ ಯಾರಿಗೂ ತಿಳಿಯುವುದಿಲ್ಲ.

ಗುಂಪಿನ ಕೆಲಸದಲ್ಲಿ ತಂಡದ ಗಾತ್ರವನ್ನು ಒಮ್ಮೆ ಹೇಳಿಬಿಡಿ. ಅದರಿಂದ ನಿಮ್ಮ ಬೆಲೆ ಕಡಿಮೆ ಆಗುವುದಿಲ್ಲ. ಇನ್ನೊಂದು ಸಲಹೆ: ನಾಲ್ವರೂ ಒಮ್ಮೆ ಕೂತು ಯಾರು ಏನು ಬರೆಯುತ್ತೀರಿ ಅಂತ ಮಾತಾಡಿಕೊಳ್ಳಿ. ಒಂದೇ ಕಂಪನಿಗೆ ನಾಲ್ವರೂ ಅರ್ಜಿ ಹಾಕಿ, ನಾಲ್ವರೂ "ಫ್ಲೋರೈಡ್ ಅಳೆದದ್ದು ನಾನೇ" ಅಂತ ಬರೆದರೆ ನಾಲ್ವರಿಗೂ ಕಷ್ಟ.

ಭಾಷೆ, ಇತಿಹಾಸ, ಸಮಾಜಶಾಸ್ತ್ರ ಓದಿದವರು "ನಮ್ಮಲ್ಲಿ ಅಂಕಿ ಎಲ್ಲಿಂದ ತರೋದು?" ಅಂತ ಕೇಳುತ್ತಾರೆ. ನಿಮ್ಮಲ್ಲೂ ಇದೆ. ಎಷ್ಟು ನೇಕಾರರ ಸಂದರ್ಶನ ಮಾಡಿದಿರಿ, ಎಷ್ಟು ಗಂಟೆಯ ರೆಕಾರ್ಡಿಂಗ್ ಅಕ್ಷರಕ್ಕೆ ಇಳಿಸಿದಿರಿ, ಎಷ್ಟು ಶಾಸನಗಳ ಪಾಠವನ್ನು ಹೋಲಿಸಿ ನೋಡಿದಿರಿ, ಯಾವ ದಾಖಲೆ ಸಂಗ್ರಹದಲ್ಲಿ ಯಾವ ವರ್ಷಗಳ ಕಡತ ಓದಿದಿರಿ. ಉತ್ತರ ಕರ್ನಾಟಕದ ಕನ್ನಡದಲ್ಲಿ ಮಾತಾಡಿದ ಸಂದರ್ಶನವನ್ನು ಅದೇ ಮಾತಿನ ಧಾಟಿ ಕೆಡದಂತೆ ಬರೆದುಕೊಳ್ಳುವುದು, ಆಮೇಲೆ ಅದನ್ನು ಇಂಗ್ಲಿಷಿಗೆ ತರುವುದು ದೊಡ್ಡ ಕೌಶಲ. ಹಳಗನ್ನಡ ಓದಲು ಬರುತ್ತದೆ, ಮೋಡಿ ಲಿಪಿ ಓದಲು ಬರುತ್ತದೆ ಅಂದರೆ ಅದನ್ನು ಮುಂದೆಯೇ ಹಾಕಿ. ಅಂಥವರು ಸಿಗುವುದೇ ಅಪರೂಪ.

5. ಅಂಕಿಗಳು: ಉತ್ತರ ಕೊಡಲಾಗುವಷ್ಟನ್ನೇ ಹಾಕಿ

ಕಂಪ್ಯೂಟರ್ ಸೈನ್ಸ್‌ನವರಿಗೆ ಇದು ಮುಖ್ಯ. "ಅಡಿಕೆ ಎಲೆಯ ರೋಗ ಗುರುತಿಸುವ ಮಾಡೆಲ್, ಶೇ 97 ನಿಖರತೆ" ಅನ್ನುವ ತರಹದ ಸಾಲು ಎಲ್ಲೆಡೆ ಕಾಣುತ್ತದೆ. ಸಂದರ್ಶನದಲ್ಲಿ ಕೂತವರು ಕೇಳುವ ಮೊದಲ ಪ್ರಶ್ನೆ: ಡೇಟಾದಲ್ಲಿ ಆರೋಗ್ಯವಾಗಿರುವ ಎಲೆ ಎಷ್ಟು? 100ರಲ್ಲಿ 95 ಆರೋಗ್ಯದ ಎಲೆಗಳೇ ಇದ್ದರೆ, ಕಣ್ಣು ಮುಚ್ಚಿ ಎಲ್ಲವನ್ನೂ "ಆರೋಗ್ಯ" ಅಂದರೂ ಶೇ 95 ಬರುತ್ತದೆ. ಆಗ ನಿಮ್ಮ 97ಕ್ಕೆ ಏನು ಅರ್ಥ? ಎರಡನೇ ಪ್ರಶ್ನೆ: ಒಂದೇ ಮರದ ಫೋಟೋಗಳು ಕಲಿಸುವ ಡೇಟಾದಲ್ಲೂ ಪರೀಕ್ಷೆಯ ಡೇಟಾದಲ್ಲೂ ಇದ್ದವಾ? ಇದ್ದರೆ ಅದು ಡೇಟಾ ಲೀಕೇಜ್, ಅಂದರೆ ಪರೀಕ್ಷೆಯ ಉತ್ತರ ಮೊದಲೇ ಸೋರಿಹೋಗಿದೆ.

ಅದಕ್ಕೆ ಬರೀ ಶೇಕಡಾ ಹಾಕಬೇಡಿ. ಎಷ್ಟು ಚಿತ್ರ, ಎಷ್ಟು ಮರ, ಯಾವುದಕ್ಕೆ ಹೋಲಿಸಿದರೆ ಎಷ್ಟು ಸುಧಾರಣೆ ಅಂತ ಹೇಳಿ. "ರೋಗ ಇರುವ ಎಲೆಗಳಲ್ಲಿ ಶೇ 81ರಷ್ಟನ್ನು ಹಿಡಿಯಿತು, ಪರೀಕ್ಷೆಗೆ ಬಳಸಿದ ಮರಗಳು ಕಲಿಕೆಯಲ್ಲಿ ಇರಲಿಲ್ಲ" ಅನ್ನುವ ಸಾಲು 97ಕ್ಕಿಂತ ಗಟ್ಟಿ. ಗೊತ್ತಿರುವವರು ಓದಿದರೆ ಈ ವಿದ್ಯಾರ್ಥಿಗೆ ವಿಷಯ ಅರ್ಥವಾಗಿದೆ ಅನ್ನುತ್ತಾರೆ.

ಅಂದುಕೊಂಡ ಫಲಿತಾಂಶ ಬರಲಿಲ್ಲ ಅಂದರೆ? ಅದನ್ನೂ ಬರೆಯಿರಿ. ಅಡಿಕೆ ಸಿಪ್ಪೆಯ ಇದ್ದಿಲಿನಿಂದ ಫ್ಲೋರೈಡ್ ತೆಗೆಯಲು ಹೋದಿರಿ, ಲೀಟರಿಗೆ 4 ಮಿಲಿಗ್ರಾಂ ಇದ್ದದ್ದು 2.6ಕ್ಕೆ ಇಳಿಯಿತು, 1.5 ಮುಟ್ಟಲಿಲ್ಲ ಅಂದುಕೊಳ್ಳಿ. "ಮೂರು ಪಿಎಚ್ ಮಟ್ಟಗಳಲ್ಲಿ ಪರೀಕ್ಷಿಸಿದೆ, 4ರಿಂದ 2.6ಕ್ಕೆ ಇಳಿಯಿತು, ಕುಡಿಯುವ ನೀರಿನ ಮಿತಿ ತಲುಪಲಿಲ್ಲ" ಅಂತ ಹಾಗೇ ಬರೆಯಬಹುದು. ಸಂಶೋಧನೆಯಲ್ಲಿ ಇದು ಸಾಮಾನ್ಯ. ಯಾಕೆ ಆಗಲಿಲ್ಲ ಅನ್ನುವುದಕ್ಕೆ ನಿಮ್ಮ ಬಳಿ ಒಂದು ಉತ್ತರ ಇರಲಿ, ಅಷ್ಟೇ.

6. ಪೇಪರ್, ಪೋಸ್ಟರ್, ಪೇಟೆಂಟ್: ಇದ್ದ ಹಾಗೇ ಹೇಳಿ

ಪೇಪರ್‌ಗಳ ಸ್ಥಿತಿಗೆ ನಿರ್ದಿಷ್ಟ ಪದಗಳಿವೆ. ಅವುಗಳ ಅರ್ಥ ತಿಳಿದೇ ಬಳಸಿ.

ಸಬ್ಮಿಟೆಡ್: ಪತ್ರಿಕೆಗೆ ಕಳಿಸಿದ್ದೀರಿ, ಅಷ್ಟೇ.
ಅಂಡರ್ ರಿವ್ಯೂ: ಸಂಪಾದಕರು ಅದನ್ನು ಬೇರೆ ಪರಿಣತರಿಗೆ ಓದಲು ಕೊಟ್ಟಿದ್ದಾರೆ.
ಆಕ್ಸೆಪ್ಟೆಡ್: ಒಪ್ಪಿಕೊಂಡ ಪತ್ರ ನಿಮ್ಮ ಕೈಯಲ್ಲಿದೆ.
ಪಬ್ಲಿಶ್ಡ್: ಅಚ್ಚಾಗಿದೆ, ಅಥವಾ ಆನ್‌ಲೈನ್‌ನಲ್ಲಿ ಬಂದಿದೆ.
ಪ್ರಿಪ್ರಿಂಟ್: ಪರಿಣತರು ಪರಿಶೀಲಿಸುವ ಮೊದಲೇ ಆರ್‌ಕೈವ್ ಅಥವಾ ಬಯೋಆರ್‌ಕೈವ್‌ನಂಥ ಜಾಗದಲ್ಲಿ ನೀವೇ ಹಾಕಿದ ಪ್ರತಿ.

'ಇನ್ ಪ್ರಿಪರೇಶನ್' ಅನ್ನುವುದನ್ನು ಬರೆಯುವ ಮುನ್ನ ಯೋಚಿಸಿ. ಯಾರಾದರೂ "ಡ್ರಾಫ್ಟ್ ಕಳಿಸಿ" ಅಂದರೆ ನಾಳೆ ಕಳಿಸಲು ಆಗುತ್ತದೆ ಅಂದರೆ ಮಾತ್ರ ಹಾಕಿ.

ಪೇಪರ್ ಬರೆದವರ ಹೆಸರುಗಳನ್ನು ಅಚ್ಚಾದ ಕ್ರಮದಲ್ಲೇ ಕೊಡಿ. ನಿಮ್ಮ ಹೆಸರು ಮೂರನೆಯದಾಗಿದ್ದರೆ ಮೂರನೆಯದಾಗಿಯೇ ಇರಲಿ, ದಪ್ಪ ಅಕ್ಷರ ಮಾಡಿ ಸಾಕು. ಜೊತೆಗೆ ಡಿಒಐ ಕೊಡಿ. ಅದು 10 ಅಂತ ಶುರುವಾಗುವ, ಪೇಪರ್‌ನ ಶಾಶ್ವತ ಗುರುತಿನ ಸಂಖ್ಯೆ. ಒಂದಕ್ಕಿಂತ ಜಾಸ್ತಿ ಪೇಪರ್ ಇದ್ದರೆ ಆರ್ಕಿಡ್ ಅನ್ನುವ 16 ಅಂಕಿಯ ಸಂಶೋಧಕರ ಗುರುತಿನ ಸಂಖ್ಯೆಯನ್ನೂ ಉಚಿತವಾಗಿ ಮಾಡಿಸಿಕೊಳ್ಳಬಹುದು.

ಇಲ್ಲಿ ಒಂದು ಎಚ್ಚರಿಕೆ. ದುಡ್ಡು ಕಟ್ಟಿದರೆ ಒಂದು ವಾರದಲ್ಲಿ ಪೇಪರ್ ಹಾಕಿ ಸರ್ಟಿಫಿಕೇಟ್ ಕೊಡುವ ಪತ್ರಿಕೆಗಳಿವೆ. ಪರಿಶೀಲನೆ ಅನ್ನುವುದು ಅಲ್ಲಿ ನಡೆಯುವುದೇ ಇಲ್ಲ. ಅಂಕ ಸಿಗಲಿ ಅಂತ ಕಾಲೇಜಿನಲ್ಲೇ ಅಲ್ಲಿಗೆ ಕಳಿಸಲು ಹೇಳಿರಬಹುದು. ಸಂಶೋಧನಾ ಸಂಸ್ಥೆಗೆ ಅರ್ಜಿ ಹಾಕುವಾಗ ಅಂಥ ಪೇಪರ್ ಪ್ರಕಟಣೆಗಳ ಪಟ್ಟಿಯಲ್ಲಿದ್ದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ. ಅದನ್ನು ಬಿಟ್ಟು, ಕೆಲಸವನ್ನು ಮಾತ್ರ 4ನೇ ಹಂತದಲ್ಲಿ ಹೇಳಿದ ಹಾಗೆ ಬರೆಯಿರಿ. 'ಯುಜಿಸಿ ಕೇರ್ ಪಟ್ಟಿಯಲ್ಲಿದೆ' ಅಂತ ಜಾಹೀರಾತು ಮಾಡುವುದನ್ನು ಈಗಲೂ ನೋಡುತ್ತೀರಿ. ಅದು ಒಳ್ಳೆಯ ಪತ್ರಿಕೆಗಳು ಅಂತ ಯುಜಿಸಿ ಗುರುತಿಸಿದ್ದ ಪಟ್ಟಿ, ಅದನ್ನು ಯುಜಿಸಿ 2025ರಲ್ಲಿ ಕೈಬಿಟ್ಟಿದೆ. ಪತ್ರಿಕೆ ಹೇಗಿದೆ ಅಂತ ತಿಳಿಯಲು ನಿಮ್ಮ ಕ್ಷೇತ್ರದಲ್ಲಿ ಕೆಲಸ ಮಾಡುವ ಒಬ್ಬ ಒಳ್ಳೆಯ ಪ್ರೊಫೆಸರ್‌ರನ್ನು ಕೇಳಿ, "ನೀವು ಇದನ್ನು ಓದುತ್ತೀರಾ ಸರ್?" ಅಂತ.

ಪೇಟೆಂಟ್ ವಿಷಯದಲ್ಲೂ ಗೊಂದಲ ಜಾಸ್ತಿ. ಅರ್ಜಿ ಹಾಕಿದ್ದು 'ಫೈಲ್ಡ್'. ಭಾರತದಲ್ಲಿ ಸಾಮಾನ್ಯವಾಗಿ 18 ತಿಂಗಳ ನಂತರ ಅರ್ಜಿಯನ್ನು ಪೇಟೆಂಟ್ ಜರ್ನಲ್‌ನಲ್ಲಿ ಪ್ರಕಟಿಸುತ್ತಾರೆ, ಬೇಗ ಬೇಕು ಅಂತ ಕೋರಿದರೆ ಅದಕ್ಕೂ ಮುಂಚೆ. ಅದು 'ಪಬ್ಲಿಶ್ಡ್'. ಪ್ರಕಟವಾಯಿತು ಅಂದ ಮಾತ್ರಕ್ಕೆ ಪೇಟೆಂಟ್ ಸಿಕ್ಕಿತು ಅಂತ ಅರ್ಥವಲ್ಲ. ಪರೀಕ್ಷಕರು ನೋಡಿ ಮಂಜೂರು ಮಾಡಿದ ಮೇಲಷ್ಟೇ 'ಗ್ರಾಂಟೆಡ್'. ವಸ್ತುವಿನ ಹೊರರೂಪಕ್ಕೆ ಸಿಗುವ ಡಿಸೈನ್ ನೋಂದಣಿ ಇನ್ನೂ ಬೇರೆಯೇ. ಅದನ್ನು ಪೇಟೆಂಟ್ ಅಂತ ಬರೆಯಬೇಡಿ. ಅರ್ಜಿ ಸಂಖ್ಯೆ ಹಾಕಿದರೆ ಯಾರು ಬೇಕಾದರೂ ನೋಡಿಕೊಳ್ಳಬಹುದು.

ಕಾಲೇಜಿನ ವಿಜ್ಞಾನ ಹಬ್ಬದಲ್ಲಿ ಇಟ್ಟ ಪೋಸ್ಟರ್, ಕೆಎಸ್‌ಸಿಎಸ್‌ಟಿಯ ಪ್ರದರ್ಶನಕ್ಕೆ ಆಯ್ಕೆಯಾದ ಪ್ರಾಜೆಕ್ಟ್ ಇವನ್ನು ಒಂದೊಂದು ಸಾಲಿನಲ್ಲಿ ಹೇಳಿ. ಎಲ್ಲಿ, ಯಾವ ವರ್ಷ, ಪೋಸ್ಟರ್ ಇಟ್ಟದ್ದೋ ವೇದಿಕೆಯಲ್ಲಿ ಮಾತಾಡಿದ್ದೋ, ಅಷ್ಟು ಸಾಕು.

7. ಗೈಡ್‌ಗೆ ಒಮ್ಮೆ ತೋರಿಸಿ

ರೆಸ್ಯೂಮೆಯಲ್ಲಿ ಗೈಡ್ ಹೆಸರು ಹಾಕಿದರೆ ಅವರಿಗೆ ಫೋನ್ ಹೋಗುವ ಸಾಧ್ಯತೆ ಇರುತ್ತದೆ. ಮೊದಲೇ ಒಂದು ಇಮೇಲ್ ಹಾಕಿ: "ಮೇಡಂ, ನಮ್ಮ ಪ್ರಾಜೆಕ್ಟ್ ಬಗ್ಗೆ ರೆಸ್ಯೂಮೆಯಲ್ಲಿ ಹೀಗೆ ಬರೆದಿದ್ದೇನೆ, ಸರಿ ಇದೆಯಾ ನೋಡ್ತೀರಾ?" ಇದರಿಂದ ಮೂರು ಲಾಭ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಇನ್ನೂ ಪ್ರಕಟವಾಗದ ಫಲಿತಾಂಶವನ್ನು ಹೇಳಬಹುದೋ ಬೇಡವೋ ಅಂತ ತಿಳಿಸುತ್ತಾರೆ. ಮುಂದೆ ಶಿಫಾರಸು ಪತ್ರ ಬರೆಯುವಾಗ ನೀವು ಮಾಡಿದ ಕೆಲಸ ಅವರ ನೆನಪಿನಲ್ಲಿರುತ್ತದೆ.

ಕಂಪನಿಯ ಲ್ಯಾಬ್‌ನಲ್ಲಿ ಇಂಟರ್ನ್‌ಶಿಪ್ ಮಾಡಿದವರು ಸೇರುವಾಗ ಸಹಿ ಹಾಕಿದ ಗೋಪ್ಯತೆಯ ಒಪ್ಪಂದ ಓದಿ. ಅಂಕಿ ಹೇಳುವಂತಿಲ್ಲ ಅಂದರೆ ವಿಧಾನವನ್ನು ಮಾತ್ರ ಹೇಳಿ. ರೋಗಿಗಳ ಮೇಲೆ ಅಧ್ಯಯನ ಮಾಡಿದ ವೈದ್ಯಕೀಯ ವಿದ್ಯಾರ್ಥಿಗಳು ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದಿದ್ದನ್ನು ಒಂದು ಮಾತಿನಲ್ಲಿ ಸೇರಿಸಿ. ರೋಗಿಯ ಗುರುತು ಸಿಗುವ ಯಾವ ವಿವರವೂ ಬೇಡ. ಐಸಿಎಂಆರ್ ಸ್ಟೂಡೆಂಟ್‌ಶಿಪ್‌ನವರು ಗಮನಿಸಿ: ವರದಿಗೆ ಒಪ್ಪಿಗೆ ಸಿಕ್ಕಿದ ಮೇಲಷ್ಟೇ ಸರ್ಟಿಫಿಕೇಟ್ ಬರುತ್ತದೆ. ಅಲ್ಲಿಯವರೆಗೆ 'ವರದಿ ಸಲ್ಲಿಸಿದೆ' ಅಂತ ಬರೆಯಿರಿ.

8. ಸ್ಕಿಲ್ಸ್ ಪಟ್ಟಿ

ಸಂಶೋಧನೆಯ ಸಾಲುಗಳಲ್ಲಿ ಕಾಣುವ ಟೂಲ್‌ಗಳೇ ಸ್ಕಿಲ್ಸ್‌ನಲ್ಲೂ ಇರಲಿ. ಪೈಥಾನ್, ಮ್ಯಾಟ್‌ಲ್ಯಾಬ್, ಎಸ್‌ಪಿಎಸ್‌ಎಸ್, ಪಿಸಿಆರ್ ಅಂತ ಪಟ್ಟಿ ಮಾಡಿ, ಮೇಲೆ ಎಲ್ಲೂ ಅದರ ಬಳಕೆ ಕಾಣದಿದ್ದರೆ ನಂಬಿಕೆ ಬರುವುದಿಲ್ಲ. ಡೆಮೊ ನೋಡಿದ ಯಂತ್ರ ಬೇರೆ, ಸ್ವತಃ ಬಳಸಿದ ಯಂತ್ರ ಬೇರೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪನ್ನು ಆಪರೇಟರ್ ನಡೆಸಿ ನಿಮಗೆ ಚಿತ್ರ ಕೊಟ್ಟಿದ್ದರೆ 'ಚಿತ್ರಗಳ ವಿಶ್ಲೇಷಣೆ' ಅಂತ ಬರೆಯಿರಿ.

9. ಪ್ರತಿ ಪದಕ್ಕೂ ಪ್ರಶ್ನೆ ಕೇಳಿಸಿಕೊಳ್ಳಿ

ಎಲ್ಲ ಬರೆದಾದ ಮೇಲೆ ಬೇರೆ ವಿಭಾಗದ ಒಬ್ಬ ಸ್ನೇಹಿತೆಗೋ ಸೀನಿಯರ್‌ಗೋ ಕೊಡಿ. ಪ್ರತಿ ಸಾಲಿಗೆ ಎರಡು ಪ್ರಶ್ನೆ ಕೇಳಲು ಹೇಳಿ. ಫ್ಲೋರೈಡ್‌ನ ಉದಾಹರಣೆಗೆ ಬಂದರೆ: ಯಾಕೆ 24 ಬಾವಿ? ಹೇಗೆ ಆರಿಸಿದಿರಿ? ಮಳೆಯ ನಂತರ ಫ್ಲೋರೈಡ್ ಕಡಿಮೆ ಆಯಿತಾ, ಯಾಕೆ? ಅಳೆಯುವ ಮೊದಲು ಮಾದರಿಗೆ ಟಿಸಾಬ್ ಅನ್ನುವ ದ್ರಾವಣ ಸೇರಿಸುತ್ತಾರಲ್ಲ, ಅದು ಯಾಕೆ?

ಕೊನೆಯ ಪ್ರಶ್ನೆಯಲ್ಲಿ ನಿಜವಾಗಿ ಅಳೆದವರು ಯಾರು ಅಂತ ಗೊತ್ತಾಗಿಬಿಡುತ್ತದೆ. ಟಿಸಾಬ್ ಹಾಕಿದರೆ ಎಲ್ಲ ಮಾದರಿಗಳ ಅಯಾನಿಕ್ ಬಲ ಒಂದೇ ಮಟ್ಟಕ್ಕೆ ಬರುತ್ತದೆ, ಪಿಎಚ್ ಸರಿಯಾದ ಜಾಗದಲ್ಲಿ ನಿಲ್ಲುತ್ತದೆ, ಅಲ್ಯೂಮಿನಿಯಂ ಮತ್ತು ಕಬ್ಬಿಣದ ಜೊತೆ ಸೇರಿಕೊಂಡ ಫ್ಲೋರೈಡ್ ಬಿಡಿಸಿಕೊಂಡು ಅಳತೆಗೆ ಸಿಗುತ್ತದೆ. ಕೈಯಾರೆ ಮಾಡಿದವಳು ಇದನ್ನು ತಡವರಿಸದೆ ಹೇಳುತ್ತಾಳೆ. ನಿಮ್ಮ ಕೆಲಸದಲ್ಲೂ ಇಂಥ ಒಂದು ಸಣ್ಣ ವಿವರ ಇದ್ದೇ ಇರುತ್ತದೆ. ಅದನ್ನು ಓದಿಕೊಳ್ಳಿ. ಯಾವುದಾದರೂ ಸಾಲಿಗೆ ಉತ್ತರ ಬರಲಿಲ್ಲ ಅಂದರೆ ಎರಡೇ ದಾರಿ: ಹೋಗಿ ಕಲಿತು ಬನ್ನಿ, ಇಲ್ಲವೇ ಆ ಸಾಲು ತೆಗೆಯಿರಿ.

ಇಂಗ್ಲಿಷ್ ಬಗ್ಗೆ ಭಯ ಇರುವವರಿಗೆ ಒಂದು ಮಾತು. ನಿಮ್ಮ ಪ್ರಾಜೆಕ್ಟನ್ನು ಮೊದಲು ಮನೆಯಲ್ಲಿ, ವಿಷಯ ಗೊತ್ತಿಲ್ಲದವರಿಗೆ, ಕನ್ನಡದಲ್ಲಿ ಎರಡು ನಿಮಿಷ ವಿವರಿಸಿ. ಅಮ್ಮನಿಗೆ ಅರ್ಥವಾಯಿತು ಅಂದರೆ ನಿಮಗೂ ವಿಷಯ ಸ್ಪಷ್ಟವಾಗಿದೆ ಅಂತ ಅರ್ಥ. ಆಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ ಅಭ್ಯಾಸ ಮಾಡಿ. ದೊಡ್ಡ ಪದಗಳು ಬೇಕಿಲ್ಲ.

10. ಕಳಿಸುವ ಮುನ್ನ

ಪಿಡಿಎಫ್ ಮಾಡಿ, ಫೈಲಿಗೆ ನಿಮ್ಮ ಹೆಸರಿಡಿ. ಕಂಪನಿಗಳಲ್ಲಿ ಮೊದಲು ಸಾಫ್ಟ್‌ವೇರ್ ಓದುವುದುಂಟು, ಹಾಗಾಗಿ ಟೇಬಲ್, ಚಿತ್ರ, ಎರಡು ಕಾಲಂ ಬೇಡ, ಸಾದಾ ಅಕ್ಷರ ಸಾಕು. ಸ್ಕಿಲ್‌ಗಳ ಮುಂದೆ ಚುಕ್ಕಿ, ನಕ್ಷತ್ರ ಹಾಕಿ ನಿಮಗೆ ನೀವೇ ಅಂಕ ಕೊಟ್ಟುಕೊಳ್ಳಬೇಡಿ. ಗಿಟ್‌ಹಬ್ ಲಿಂಕ್ ಕೊಟ್ಟರೆ ಅದು ತೆರೆಯುತ್ತದೆಯಾ ಅಂತ ಬೇರೆಯವರ ಫೋನಿನಲ್ಲಿ ನೋಡಿ, ಒಳಗೆ ಕೋಡ್ ಏನು ಮಾಡುತ್ತದೆ ಅಂತ ನಾಲ್ಕು ಸಾಲಿನ ವಿವರಣೆ ಇರಲಿ. ಎರಡು ಅಥವಾ ಮೂರು ಸಂಶೋಧನಾ ಅನುಭವಕ್ಕಿಂತ ಜಾಸ್ತಿ ಹಾಕಬೇಡಿ. ಹೊಸದು ಮೇಲೆ, ಹಳೆಯದು ಕೆಳಗೆ.

ಕೆಲಸಕ್ಕೆ ಸೇರಿ ಎರಡು ಮೂರು ವರ್ಷ ಆದವರು ಕಾಲೇಜಿನ ಪ್ರಾಜೆಕ್ಟನ್ನು ಒಂದು ಸಾಲಿಗೆ ಇಳಿಸಬಹುದು. ಮತ್ತೆ ಓದಲು ಹೋಗುವವರು ಮಾತ್ರ ಪೂರ್ತಿ ಇಟ್ಟುಕೊಳ್ಳಿ.

ಕೊನೆಯದಾಗಿ, ಕಾಲೇಜಿನ ಇಮೇಲ್ ಮುಚ್ಚುವ ಮೊದಲು ರಿಪೋರ್ಟ್, ಡೇಟಾ, ಸರ್ಟಿಫಿಕೇಟ್ ಎಲ್ಲವನ್ನೂ ನಿಮ್ಮ ಸ್ವಂತ ಡ್ರೈವ್‌ಗೆ ಇಳಿಸಿಕೊಳ್ಳಿ. ಡೇಟಾ ಲ್ಯಾಬಿನದಾಗಿದ್ದರೆ ಗೈಡ್‌ರನ್ನು ಕೇಳಿಯೇ ತೆಗೆದುಕೊಳ್ಳಿ. ಮುಂದಿನ ವರ್ಷ ಇನ್ನೊಂದು ಅರ್ಜಿ ಹಾಕುವಾಗ ಇದೇ ಕಡತಗಳು ಮತ್ತೆ ಬೇಕಾಗುತ್ತವೆ.